ಧಪಾಟಿಯ ಮೂರನೇ ಒಂದು ಪಾಲು

ಖಾನಾಪುರ
ಸೋಮವಾರ, ೧೪ ಜುಲೈ ೧೯೮೬

ಮುದ್ದು ಗಂಗಾದೇವಿಗೆ,

ನಿನ್ನ ಕಾರ್ಡು ಶನಿವಾರ ಕೈಸೇರಿತು. ಬೆಳಗಾವಿಯಲ್ಲಿ ನಿನಗೆ ಶಾಲೆಯ ಕೆಲಸ ಸಿಕ್ಕಿದ್ದನ್ನು ಓದಿ ನಿಮ್ಮಪ್ಪ ಕಾರ್ಡು ಹಿಡಿದುಕೊಂಡು ಓಣಿಯೆಲ್ಲ ತಿರುಗಿ ಬಂದರು. ನನಗೂ ಹಿಗ್ಗಾಯಿತು. ಅಕ್ಷರ ಮಾತ್ರ ಇನ್ನೂ ಓರೆಯಾಗಿಯೇ ಇದೆ, ಕರಿಹಲಗೆಯ ಮೇಲೆ ಹಾಗೆ ಬರೆಯಬೇಡ. ಮೊದಲ ಸಾಲಿನಲ್ಲಿ ನೀನು, ಶಾಲೆಯ ಶಿಕ್ಷಕಿಗೆ ಬರೆಯುವ ಹಾಗೆ, 'ಅಕ್ಕೋರಿಗೆ ನಮಸ್ಕಾರ' ಎಂದು ಬರೆದಿದ್ದೀಯ. ಹನ್ನೆರಡು ವರ್ಷದಿಂದ ನೀನು ನನ್ನನ್ನು ಅವ್ವ ಎಂದು ಕರೆದಿಲ್ಲ. ಯಾಕೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು.

ನಿನ್ನ ನಾಲ್ಕನೆಯ ವರ್ಗದ ಮಕ್ಕಳು ಮೂರನೇ ಒಂದಕ್ಕಿಂತ ನಾಲ್ಕನೇ ಒಂದೇ ದೊಡ್ಡದು ಎಂದು ಹಟ ಹಿಡಿದಿದ್ದಾರೆ, ಹೇಗೆ ತಿಳಿಸಲಿ ಎಂದು ಕೇಳಿದ್ದೀಯ. ಒಂದೇ ಅಳತೆಯ ಎರಡು ರೊಟ್ಟಿ ಬರೆ. ಎರಡನ್ನೂ ಹನ್ನೆರಡು ಸಣ್ಣ ತುಂಡು ಮಾಡು. ಮೂರು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ನಾಲ್ಕು ತುಂಡು, ನಾಲ್ಕು ಜನ ಹಂಚಿಕೊಂಡರೆ ಮೂರೇ. ಛೇದ ಒಂದೇ ಆದ ಮೇಲೆ ಎಂಥ ಹುಡುಗನಿಗೂ ಯಾವುದು ದೊಡ್ಡದೆಂದು ಕಾಣುತ್ತದೆ.

ಇದೇ ಪಾಠವನ್ನು ನಾನು ನಿನ್ನ ವರ್ಗಕ್ಕೂ ಮಾಡಿದ್ದೆ. ಆಗ ನಿನ್ನ ತಮ್ಮ ಕಲ್ಲಯ್ಯ ಜ್ವರದಲ್ಲಿ ಹೋಗಿ ಐದು ವಾರವಾಗಿತ್ತು. ಯಾವುದು ದೊಡ್ಡದು ಎಂದು ಕೇಳಿದರೆ ವರ್ಗಕ್ಕೆ ವರ್ಗವೇ ನಾಲ್ಕನೇ ಒಂದು ಎಂದು ಕೂಗಿತು. ನೀನೊಬ್ಬಳೇ ಎದ್ದು ನಿಂತೆ. ಶಾಲೆಯಲ್ಲಿ ಅವ್ವ ಅನ್ನಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ನೀನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಮೂರನೇ ಒಂದು ದೊಡ್ಡದ್ರೀ ಅಕ್ಕೋರ. ತಮ್ಮ ಇದ್ದಾಗ ನನಗ ಧಪಾಟಿ ಸಣ್ಣ ತುಂಡು ಬರತಿತ್ತು. ಈಗ ದೊಡ್ಡದು ಬಂತು."

ನಾನು ನಿನ್ನ ಕೆನ್ನೆಗೆ ಹೊಡೆದೆ. ತಪ್ಪು, ಕುಂದರು ಅಂದೆ. ಕರಿಹಲಗೆಯ ಮೇಲೆ ನಾಲ್ಕನೇ ಒಂದಕ್ಕೆ ಸರಿ ಗುರುತು ಹಾಕಿದೆ, ಉಳಿದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನೀನು ಅಳಲಿಲ್ಲ. ಪಾಟಿಯ ಮೇಲೆ ಬರೆದದ್ದನ್ನು ಅಂಗೈಯಿಂದ ಒರೆಸಿ ನನ್ನ ಕಡೆ ನೋಡಿದೆ. ಆ ನೋಟ ನನಗೆ ಇನ್ನೂ ಮರೆಯಲಾಗಿಲ್ಲ.

ನಿನ್ನ ಉತ್ತರ ಸರಿ ಇತ್ತು, ಮಗಳೇ. ನನಗೆ ತಡೆಯಲಾಗದ್ದು ಬೇರೆ. ಪ್ರತಿ ಸೋಮವಾರ ಸಂಜೆ ಹೆಂಚಿನ ತುಂಬ ಒಂದೇ ಧಪಾಟಿ ತಟ್ಟಿ ನಾಲ್ಕು ಪಾಲು ಮಾಡುತ್ತಿದ್ದೆ. ಅವನು ಹೋದ ಮೇಲೂ ಕೆಲವು ವಾರ ನಾಲ್ಕೇ ಮಾಡಿ, ಒಂದನ್ನು ಹಿತ್ತಲಲ್ಲಿ ಕಾಗೆಗೆ ಇಡುತ್ತಿದ್ದೆ. ಆ ವಾರ ಮಾತ್ರ ಏನೂ ಯೋಚಿಸದೆ ಮೂರು ಪಾಲು ಮಾಡಿಬಿಟ್ಟಿದ್ದೆ. ನನ್ನ ಕೈ ಮಗನನ್ನು ಮರೆತದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಹತ್ತು ವರ್ಷದ ನೀನು ಅದನ್ನು ಎಲ್ಲರ ಮುಂದೆ ಹೇಳಿದೆ. ಸಿಟ್ಟು ನನ್ನ ಕೈಯ ಮೇಲೆ ಬಂದಿತ್ತು, ಪೆಟ್ಟು ನಿನಗೆ ಬಿತ್ತು.

ಮರುದಿನ ಪಾಠವನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಆ ವರ್ಷದ ಮಕ್ಕಳೆಲ್ಲ ನನ್ನಿಂದ ತಪ್ಪನ್ನೇ ಕಲಿತು ಹೋದರು. ಮುಂದೆ ನಿನ್ನನ್ನು ಬೆಳಗಾವಿಯ ಶಿವಬಸವ ನಗರಕ್ಕೆ ಸಂಗವ್ವತ್ತೆಯ ಮನೆಗೆ ಕಳಿಸುವಾಗ ಅಲ್ಲಿ ಶಾಲೆ ಚೆನ್ನಾಗಿದೆ ಎಂದೆ. ಅದು ನೆಪ. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ನಿನಗೆ ಲೆಕ್ಕ ಬರುವುದಿಲ್ಲವೆಂದು ಕಳಿಸಿದೆ ಎಂದು ನೀನು ತಿಳಿದಿದ್ದರೆ, ಆ ಮಾತನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕು.

ನಿನ್ನ ವರ್ಗದಲ್ಲಿ ಯಾವ ಮಗುವಾದರೂ ಮನೆಯ ಮಾತು ಎತ್ತಿ ಉತ್ತರ ಹೇಳಿದರೆ ಪೂರ್ತಿ ಕೇಳಿಸಿಕೋ. ನಿಮ್ಮಪ್ಪ ಆರಾಮ ಇದ್ದಾರೆ. ಅತ್ತೆಗೆ ನಮಸ್ಕಾರ ಹೇಳು.

ನಿನ್ನ ಅವ್ವ,
ಶಿವಲಿಂಗವ್ವ

ತಾ.ಕ.: ನೀನು ಹೋದಾಗಿನಿಂದ ಧಪಾಟಿ ಎರಡೇ ಪಾಲು. ಲೆಕ್ಕಕ್ಕೆ ಅರ್ಧ ಎಲ್ಲಕ್ಕಿಂತ ದೊಡ್ಡದು, ಆದರೆ ನನ್ನ ಪಾಲಿನಲ್ಲಿ ಹೆಚ್ಚಿನದು ಕಾಗೆಗೇ ಹೋಗುತ್ತದೆ. ಇವತ್ತು ನಿನ್ನ ಕಾರ್ಡನ್ನು ಎದುರಿಗಿಟ್ಟುಕೊಂಡು ಮೂರು ಪಾಲು ಮಾಡಿದೆ. ಒಂದು ಉಳಿದಿದೆ. ಮುಂದಿನ ಸೋಮವಾರ ಬಾ, ನನ್ನ ಪಾಲು ಸಣ್ಣದಾಗಲಿ.