ಯಾರು ನೋಡುವ ಫೋಟೋ

ಚಾಚಾ,

ನೀವು ಅಂದದ್ದು ಹೀಗೇ ಇತ್ತೋ, ಬೇರೆಯೇ ಇತ್ತೋ. "ಯಾರ ಫೋಟೋ ಅಂತ ಆಮ್ಯಾಲ ಕೇಳು. ಮೊದಲ ಇದನ್ನ ಯಾರು ನೋಡ್ತಾರ ಅಂತ ಕೇಳಲೇ ತಮ್ಮಾ." ಇಷ್ಟು ನೆನಪಿದೆ. ಅದರ ಮುಂದೆ ಇನ್ನೊಂದು ಮಾತಿತ್ತು. ಬಾಗೇವಾಡಿಯ ನಿಮ್ಮ ಸ್ಟುಡಿಯೋದಲ್ಲಿ ನಿಮ್ಮ ಕೈಕೆಳಗೆ ಕೆಲಸ ಕಲಿಯುತ್ತಾ ಲೈಟಿನ ಛತ್ರಿ ಹಿಡಿದು ನಿಂತಿದ್ದ ನನಗೆ ಆಗ ಅದು ಕೇಳಿಸಿತ್ತು. ಈಗ ಎಷ್ಟು ತಡಕಿದರೂ...

ಇಂಗಳೇಶ್ವರದಿಂದ ಬಂದಿದ್ದ ಆ ಅಜ್ಜನ ನೆನಪಿದೆಯೇ ನಿಮಗೆ? ಹೊಸ ರುಮಾಲು ಸುತ್ತಿ, ಮೀಸೆ ತೀಡಿ, ಸ್ಟೂಲಿನ ಮೇಲೆ ಸೆಟೆದು ಕೂತಿದ್ದ. ಫೋಟೋ ಯಾರಿಗೆಂದು ಕೇಳಿದಿರಿ. "ಮಗಳಿಗ್ರಿ. ಮುದ್ದೇಬಿಹಾಳಕ್ಕ ಕೊಟ್ಟೇನಿ" ಎಂದ. "ಹಂಗಾದ್ರ ರುಮಾಲ ತಗೀರಿ ಯಜಮಾನ್ರ. ಆಕಿ ನೆನಸೂದು ಮನ್ಯಾಗಿನ ಅಪ್ಪನ್ನ, ಪಂಚಾಯ್ತಿ ಕಟ್ಟಿ ಮ್ಯಾಲಿನ ಅಪ್ಪನ್ನಲ್ಲ." ಅಜ್ಜ ಬೋಳುತಲೆ ಸವರಿಕೊಂಡು ನಾಚಿದ. ನೀವು ಕಾಯುತ್ತಿದ್ದದ್ದೇ ಅದಕ್ಕೆ.

ಸಿಂದಗಿಯ ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ಕಲಿಸುವುದು ನಿಮಗೆ ಗೊತ್ತು. ಈ ಸಲ ಕೊನೆಯ ವರ್ಷದವರಿಗೆ ಕೊಟ್ಟ ಪ್ರಾಜೆಕ್ಟಿನ ವಿಷಯ 'ಗುರುತು'. ಒಬ್ಬೊಬ್ಬರಿಗೆ ಸುತ್ತಲಿನ ಒಂದೊಂದು ಸಂಸ್ಥೆಯವರು ಗ್ರಾಹಕರು. ಅವರಿಗೆ ಏನು ಬೇಕೆಂದು ತಿಳಿದುಕೊಂಡು ಕಿರುಚಿತ್ರ ಮಾಡಬೇಕು, ಅವರು ಒಪ್ಪಿದರೆ ಮಾತ್ರ ಪಾಸು. ಇಂಡಿ ಊರಿನಿಂದ ಬರುವ ಶ್ರೀದೇವಿಗೆ ಸಿಕ್ಕವರು ದೇವರ ಹಿಪ್ಪರಗಿಯಲ್ಲಿ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘದವರು. ಮನೆಯಲ್ಲಿ ಜಗಳವಾಡಿ ಈ ಕೋರ್ಸಿಗೆ ಸೇರಿದ ಹುಡುಗಿ. ಇದರಲ್ಲಿ ಫೇಲಾದರೆ ಓದು ಸಾಕು ಎನ್ನಲು ಅವಳ ಅಪ್ಪ ಕಾದಿದ್ದರು. ಸಂಘದ ಅಧ್ಯಕ್ಷೆ ಕಾಶಿಬಾಯಿ ಅವಳಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಾವು ಯಾರು ಅಂತ ಗೊತ್ತಾಗಬೇಕವಾ, ಅಷ್ಟ."

ಶ್ರೀದೇವಿ ಇಳಕಲ್ ಸೀರೆಯ ಸೆರಗನ್ನು ಚಿತ್ರೀಕರಿಸಿದಳು. ಒಲೆಯ ಉರಿ, ಹಿಟ್ಟು ಮೆತ್ತಿದ ಬಳೆ, ರೊಟ್ಟಿ ಬಡಿಯುವ ಕೈ, ಎಲ್ಲವೂ ನಿಧಾನಗತಿಯಲ್ಲಿ. ನಡುನಡುವೆ ಡ್ರೋನಿನಿಂದ ತೆಗೆದ ಜೋಳದ ಹೊಲ. ನನಗೂ ಹಿಡಿಸಿತು ಚಾಚಾ. ಹೂಂ ಅಂದುಬಿಟ್ಟೆ.

ಸಂಘದ ಕೋಣೆಯಲ್ಲಿ ತೋರಿಸಿದಾಗ ಕಾಶಿಬಾಯಿ ಕೊನೆಯವರೆಗೂ ನೋಡಿದರು. ಆಮೇಲೆ, "ಭಾಳ ಚಂದ ಐತ್ರಿ ಸರ. ಆದ್ರ ಇವರೆಲ್ಲಾ ಯಾರ್ರೀ?" ಎಂದರು. ಪಕ್ಕದಲ್ಲಿದ್ದ ರಜಿಯಾಬಿ, "ಬಳಿ ನೋಡಿ ನನ್ನ ಕೈ ಅಂತ ಗೊತ್ತಾತ ನೋಡವಾ, ಇಲ್ಲಂದ್ರ ಇಲ್ಲ" ಎಂದದ್ದೇ ಇಡೀ ಕೋಣೆ ನಕ್ಕಿತು. ಶ್ರೀದೇವಿ ನಗಲಿಲ್ಲ.

ಬಸ್ಸಿಗೆ ಕಾಯುತ್ತಾ, "ಇನ್ನೇನ್ ತೋರಸ್ಬೇಕ್ರಿ ಸರ? ಗುರುತಂದ್ರ ಇದ ಅಲ್ಲೇನ್ರಿ?" ಎಂದು ಕೇಳಿದಳು. ನನ್ನ ಬಾಯಿಗೆ ಬಂದದ್ದು ನಿಮ್ಮ ಪ್ರಶ್ನೆ. "ಅವರು ಇದನ್ನ ಯಾರಿಗೆ ತೋರಸ್ತಾರ, ಕೇಳಿದ್ಯೇನು?"

ಬಸ್ಸು ಬಿಟ್ಟು ಇಬ್ಬರೂ ವಾಪಸು ಹೋದೆವು. ಕಾಶಿಬಾಯಿ ತಲೆ ಚಚ್ಚಿಕೊಂಡರು. "ಮನ್ಯಾಗಿನವ್ರಿಗೆ ತೋರಸಾಕ್ರೀ! ದಿನಾ ಹೋಗಿ ಹರಟಿ ಹೊಡೀತಾರ ಅಂತಾರಲ್ಲ, ಅವ್ರು ನೋಡಬೇಕು. ರೊಟ್ಟಿ ಬಡ್ಯೂದನ್ನ ನಮ್ಮತ್ತಿಗೇನ್ ತೋರಸ್ತೀರಿ? ಕಲಿಸಿದಾಕಿನ ಆಕಿ!"

ಎರಡನೆಯ ಚಿತ್ರದಲ್ಲಿ ರೊಟ್ಟಿ ಬಹುಮಟ್ಟಿಗೆ ಡಬ್ಬಿಯೊಳಗೇ ಇದೆ. ಕಾಶಿಬಾಯಿ ಜೋಳದ ವ್ಯಾಪಾರಿಯೊಂದಿಗೆ ಫೋನಿನಲ್ಲಿ ಚೌಕಾಸಿ ಮಾಡುತ್ತಾರೆ, ತಡವಾಗಿ ಬಂದ ಟೆಂಪೋದವನನ್ನು ಬೀದಿಯಲ್ಲೇ ನಿಲ್ಲಿಸಿ ಝಾಡಿಸುತ್ತಾರೆ. ರಜಿಯಾಬಿ ಸ್ಕೂಟಿ ಕಲಿಯುತ್ತಾರೆ. ಅದನ್ನು ಕಾಶಿಬಾಯಿಯ ಮನೆಯ ಟಿವಿಯಲ್ಲೇ ಹಾಕಿದೆವು. ಅತ್ತೆ ಹತ್ತಿರ ಸರಿದು ಕೂತರು. "ಅಯ್ಯ ಇಕಿನ! ಮನ್ಯಾಗ ಬಾಯಿ ಬಿಡಂಗಿಲ್ಲ, ಅಲ್ಲಿ ನೋಡ ಹೆಂಗ ಗುಡಗ್ತಾಳ!" ಬಯ್ಯುತ್ತಾರೆಂದೇ ಎಲ್ಲರೂ ಅಂದುಕೊಂಡೆವು. ಮುದುಕಿ ಕನ್ನಡಕ ಒರೆಸಿಕೊಂಡು, "ಆ ಟೆಂಪೋದವಂದು ಇನ್ನೊಮ್ಮಿ ಹಚ್ಚ್ರಿ" ಅಂದರು.

ಶ್ರೀದೇವಿ ಪಾಸಾದಳು. ಅವಳಪ್ಪ ಆ ಚಿತ್ರ ನೋಡಿದರಂತೆ. ಎರಡು ಸಲ ನೋಡಿದರಂತೆ.

ನೀವು ಕೇಳದ ಸುದ್ದಿ ಇನ್ನೊಂದಿದೆ. ನೀವು ಹೋದ ಮೇಲೆ ಸ್ಟುಡಿಯೋ ಖಾಲಿ ಮಾಡುವಾಗ ನಿಮ್ಮ ಮಗ ನನ್ನ ಫೋಟೋ ಒಂದನ್ನು ತಂದುಕೊಟ್ಟ. ಗಾಜಿನ ಕಪಾಟಿನ ಒಳಬದಿಗೆ, ನೀವು ಕೂರುತ್ತಿದ್ದ ಕುರ್ಚಿಗೆ ಎದುರಾಗಿ ಅಂಟಿಸಿತ್ತಂತೆ. ಹೊರಗಿನಿಂದ ಯಾರಿಗೂ ಕಾಣದ ಜಾಗ. ಲೈಟಿನ ಛತ್ರಿ ಹಿಡಿದು ಎತ್ತಲೋ ನೋಡುತ್ತಾ ನಿಂತಿದ್ದೇನೆ. ನೀವು ಕ್ಲಿಕ್ಕಿಸಿದ್ದು ನನಗೆ ಗೊತ್ತೇ ಇರಲಿಲ್ಲ.

ಯಾರು ನೋಡಲೆಂದು ತೆಗೆದಿರಿ ಚಾಚಾ, ಅದನ್ನ?