ಬಾಯಿಗೆ ಬಾರದ ಪಾಸ್‌ವರ್ಡ್

ಬಾಲಾನಗರ, ಹೈದರಾಬಾದ್
೧೨ ಫೆಬ್ರವರಿ ೨೦೨೫, ಬುಧವಾರ

ನಮ್ಮ ಮನಿಯವರಿಗೆ ರೇಣುಕಾಳ ನಮಸ್ಕಾರ.

ಎದಿ ಹೊಲಿಗಿ ಇನ್ನೂ ಜಗ್ಗತೈತೇನ್ರಿ? ಆಪರೇಷನ್ ಆದವರು ಮೆಟ್ಟಲಾ ಹತ್ತಬ್ಯಾಡ್ರಿ ಅಂದ್ರ ದಿನಾ ಮಾಳಗಿ ಮ್ಯಾಲೆ ಹೋಗ್ತೀರಂತ. ನನ್ನ ತಮ್ಮ ಹಂಪಯ್ಯ ಬಂದು ಎಲ್ಲಾ ಚಾಡಿ ಹೇಳ್ಯಾನ. ರಾಯಚೂರಿಗೆ ನಿಮ್ಮಣ್ಣನ ಮನಿಗೆ ಕಳಿಸಿದ್ದು ಇದಕ್ಕೇನು? ಉಪ್ಪಿನಕಾಯಿ ಮುಟ್ಟಬ್ಯಾಡ್ರಿ. ಫೋನಿನ್ಯಾಗ ಹೇಳೂಣಂದ್ರ ಅಣ್ಣಾರ ಮನ್ಯಾಗ ವೈನ್ಯಾರು ಸ್ಪೀಕರ್ ಹಚ್ಚಿ ಓಣಿಗೆಲ್ಲಾ ಕೇಳಸ್ತಾರ. ಅದಕ್ಕ ಹಂಪಯ್ಯನ ಕೈಲೆ ಈ ಪತ್ರ ಕಳಸಾಕತ್ತೀನಿ.

ನನ್ನ ಗೋಳು ಕೇಳ್ರಿ. ಆಫೀಸಿನ ಕಂಪ್ಯೂಟರಿನ್ಯಾಗ ವಿಂಡೋಸ್ ತಗದು ಲಿನಕ್ಸ್ ಅಂತ ಹೊಸಾದು ಹಾಕ್ಯಾರ. ದಸರಾಕ್ಕ ನಾ ಹಚ್ಚಿದ ಕುಂಕುಮ ಮ್ಯಾಲೆ ಹಂಗ ಐತಿ, ಒಳಗ ಎಲ್ಲಾ ಬ್ಯಾರೆ. ಯಾವ ಫೈಲ್ ಎಲ್ಲಿ ಹೋಗತೈತೋ ದೇವರಿಗೇ ಗೊತ್ತು. ಸೋಮವಾರ ಪಾಸ್‌ವರ್ಡ್ ಕೇಳ್ತು, ಹೊಡದೆ. ಮೊದಲಾದ್ರ ಅಕ್ಷರಕ್ಕೊಂದು ಚುಕ್ಕಿ ಬೀಳ್ತಿತ್ತು, ಇದರಾಗ ಏನೂ ಇಲ್ಲ. ಕೀಬೋರ್ಡ್ ಕೆಟ್ಟೈತಂತ ಮತ್ತ ಹೊಡದೆ, ಮತ್ತ ಮತ್ತ ಹೊಡದೆ. ಲಾಕ್ ಆತು! ಅದರ ಪದ್ಧತೀನೇ ಹಂಗಂತ, ಏನೂ ತೋರಸೂದಿಲ್ಲಂತ. ಮೊದಲೇ ಹೇಳಾಕ ಇವರಿಗೇನು ಧಾಡಿ?

ಕಂಪ್ಯೂಟರ್ ಸೆಕ್ಷನ್ನಿನ ರವಿಶಂಕರ್ ಸಾಹೇಬರು ಸಿಕಂದರಾಬಾದಿನ್ಯಾಗ ಕೂತು, ಹಳೇ ಪಾಸ್‌ವರ್ಡ್ ಫೋನಿನ್ಯಾಗ ಹೇಳ್ರಿ, ಬಿಚ್ಚತೀನಿ ಅಂತಾರ. ಬರದು ಕಳಸಿದ್ರ ಬ್ಯಾರೆಯವರು ಓದ್ತಾರಂತ, ಬಾಯಿಲೇ ಹೇಳಬೇಕಂತ. ಹೆಂಗ ಹೇಳಲ್ರಿ? ಅದು ನಿಮ್ಮ ಹೆಸರು. ಗಂಡನ ಹೆಸರು ನಾ ಬಾಯಿಲೆ ಆಡೂದಿಲ್ಲ, ಯಾರಿಗೂ ಗೊತ್ತಾಗೂದಿಲ್ಲಂತ ಇಟ್ಟಿದ್ದೆ. ಹೆಸರು ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳ್ತಿದ್ದಳು. ಖರೇನೋ ಸುಳ್ಳೋ, ಬ್ಯಾರೆ ವರ್ಷ ಆಗಿದ್ರ ನಕ್ಕು ಹೇಳಿಬಿಡ್ತಿದ್ದೆ. ದವಾಖಾನಿ ಐಸಿಯು ಬಾಗಲದಾಗ ಕೂತು ಬಂದ ಮ್ಯಾಲೆ ನನಗ ಧೈರ್ಯ ಇಲ್ರಿ. ಫೋನ್ ಹಿಡದೆ, ಹಂಗೇ ಇಟ್ಟುಬಿಟ್ಟೆ. ಆಫೀಸಿನವರು ಮರತೀರೇನ್ರಿ ಅಂತ ನಗಾಕತ್ಯಾರ.

ಶುಕ್ರವಾರದೊಳಗ ಬಿಚ್ಚದಿದ್ರ ನಿಮ್ಮನ್ನ ದೂರದ ಪಟಾನ್‌ಚೆರು ಗೋದಾಮಿಗೆ ಹಾಕ್ತೀನಿ ಅಂದಾರ ಮ್ಯಾನೇಜರು. ಈ ಆಫೀಸಾದ್ರ ಮಧ್ಯಾಹ್ನ ನಡಕೊಂಡು ಬಂದು ನಿಮಗ ಊಟಾ, ಗುಳಗಿ ಕೊಡಬೌದು. ಅಲ್ಲಿಗೆ ಹಾಕಿದ್ರ ಮುಂದಿನ ತಿಂಗಳು ನೀವು ಬಂದಾಗ ಸಂಜೀತನಕ ಒಬ್ಬರೇ ಇರಬೇಕು. ಏನು ಮಾಡ್ಲಿ, ಏನೂ ತಿಳಿವಲ್ದು.

ಅಣ್ಣಾರಿಗೆ, ವೈನ್ಯಾರಿಗೆ ನನ್ನ ನಮಸ್ಕಾರ ಹೇಳ್ರಿ. ಮೈಮ್ಯಾಲೆ ನಿಗಾ ಇರಲಿ.

ನಿಮ್ಮ
ರೇಣುಕಾ

ತಾ.ಕ.: ಗಾಡಿಗೆ ತಡಾ ಆತಂತ ಹಂಪಯ್ಯ ಬಾಗಲದಾಗ ನಿಂತಾನ. ಮನಿಯವರು ಹೇಳಿದ್ರ ನಡೀತೈತೇನ್ರಿ ಅಂತ ಈಗ ಫೋನ್ ಮಾಡಿ ಸಾಹೇಬರನ್ನ ಕೇಳೀನಿ, ಹೂಂ ಅಂದಾರ. ಅವರ ನಂಬರ್ ಈ ಹಾಳಿ ಹಿಂದ ಬರದೀನಿ. ನಾಳೆ ಮುಂಜಾನೆ ಫೋನ್ ಮಾಡಿ ನಿಮ್ಮ ಹೆಸರು ನೀವೇ ಹೇಳ್ರಿ. ಗಟ್ಟಿಯಾಗಿ ಹೇಳ್ರಿ, ನಡುವ ದಮ್ಮು ಹತ್ತಬಾರದು. ದನಿ ಹೆಂಗಿತ್ತಂತ ನಾ ಸಾಹೇಬರನ್ನ ಕೇಳಾಕೀನ.