ಇರುವೆಗೂ ಟ್ಯಾಕ್ಸ್

ಮಾರ್ಚ್ 3, ಸೋಮವಾರ

ಮತ್ತೆ ತಲೆ ತುಂಬ ಪ್ಲಾಸ್ಟರ್ ಪುಡಿ. ಎರಡು ಸಲ ತೊಳೆದರೂ ಹೋಗಿಲ್ಲ. "ಇಷ್ಟು ಬೇಗ ನರೆತುಬಿಟ್ಯಾ?" ಅಂದಳು ಅಮ್ಮ. ಅವಳ ಸೀರೆ ತುಂಬ ದಾರದ ತುಂಡು. ದರ್ಜಿ ಅಂಗಡಿಯಲ್ಲಿ ದಿನವಿಡೀ ಪ್ಯಾಂಟಿನ ಅಂಚು ಮಡಚುವವಳು ನನ್ನ ಕೂದಲಿಗೆ ನಗುತ್ತಾಳೆ.

ಇವತ್ತು ಇನ್ನೊಂದು ಕಾಲು ಮುಗೀತು. ಪಾದದ ಅಡಿ ಇರುವೆಯ ಚಿತ್ರ ಕೊರೆದೆ. ನಮ್ಮ ವರ್ಕ್‌ಶಾಪಿನ ಪದ್ಧತಿ ಇದು. ಕೃತಕ ಕಾಲು ಯಾರು ಮಾಡುತ್ತಾರೋ ಅವರ ಗುರುತು ಅಡಿಯಲ್ಲಿರಬೇಕು. ಕಾಲು ಕಚ್ಚಿದರೆ ಯಾರನ್ನು ಬೈಯಬೇಕು ಅಂತ ಗೊತ್ತಿರಲಿ ಎಂದು. ಒಬ್ಬರದು ಕೊಡೆ, ಒಬ್ಬರದು ಬಾಚಣಿಗೆ. ಇಂಟರ್ನ್‌ಗಳಿಗೆ ಗುರುತಿಲ್ಲ. ನನಗೆ ಮಾತ್ರ ಡಿಸೆಂಬರಿನಲ್ಲಿ, ಇಲ್ಲಿ ಕೆಲಸ ಕಲಿಸುವ ಮೇಷ್ಟ್ರು ಕೊಟ್ಟರು. "ಇರುವೆ ಥರ ಓಡಾಡ್ತಾನೇ ಇರ್ತೀಯ, ಅದನ್ನೇ ಹಾಕು." ಅವತ್ತಿನಿಂದ ಎಲ್ಲರ ಬಾಯಲ್ಲೂ ನಾನು ಇರುವೆ. ಡಿಗ್ರಿಗೆ ಇನ್ನೊಂದು ವರ್ಷ ಇದೆ, ಗುರುತು ಮೊದಲೇ ಸಿಕ್ಕಿತು... ಕೊಬ್ಬು ಬರದೆ ಇರುತ್ತದೆಯೇ.

ಮಧ್ಯಾಹ್ನ ಅಂಚೆಯಕ್ಕ ಬಂದಿದ್ದರು. ನಮ್ಮ ಬೀದಿಗೆಲ್ಲ ಕಾಗದ ಹಂಚುವವರು. ಹಳೆಯ ಕಾಲು ಸವೆದಿದೆ. ನಡೆದರೆ ಟಕ್, ಧಪ್. ಟಕ್, ಧಪ್. ಮೇಷ್ಟ್ರು ಹೇಳಿದರು: "ಕಣ್ಣು ಮುಚ್ಕೊಂಡು ಕೇಳು. ಯಾವುದು ಯಾವ ಕಾಲು ಅಂತ ಗೊತ್ತಾಗ್ಬಾರ್ದು. ಆವಾಗ ಕೆಲಸ ಮುಗೀತು ಅಂತ." ಅವರ ಹೊಸ ಕಾಲು ಮಾಡಲು ನನಗೇ ಕೊಟ್ಟಿದ್ದಾರೆ.

ಮಾರ್ಚ್ 11, ಮಂಗಳವಾರ

ಕಾಲೇಜಿನಿಂದ ಇಮೇಲ್. ನನ್ನ ಫೀಸ್ ಮಾಫಿ ತಡೆಹಿಡಿದಿದ್ದಾರೆ. ತೆರಿಗೆ ಇಲಾಖೆಯ ದಾಖಲೆಯಲ್ಲಿ ನಾನು "ಸ್ವಂತ ಉದ್ಯೋಗಿ"ಯಂತೆ. ಮಾಫಿ ಇರುವುದು ಬರೀ ಓದುವವರಿಗೆ. ತಪ್ಪಿದ್ದರೆ 31ರೊಳಗೆ ಸರಿಪಡಿಸಿ ಅಂತ ಕೊನೆಯಲ್ಲೊಂದು ಸಾಲು.

ನಾಲ್ಕು ಸಲ ಓದಿದೆ. ನಾನು ಯಾವ ಉದ್ಯಮಿ? ಬಸ್ ಪಾಸಿಗೆ ಅಮ್ಮನ ಹತ್ತಿರ ಕೈಚಾಚುವ ಉದ್ಯಮಿ.

ಅಮ್ಮ ಕೇಳಿ ಸೂಜಿಗೆ ದಾರ ಪೋಣಿಸಿದಳು. ಆಮೇಲೆ, "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಂತೆ. ಯಾರದೋ ಹೆಸರು ನಿನ್ನ ತಲೆ ಮೇಲೆ ಬಂದಿರ್ಬೇಕು. ಹೋಗಿ ಕೇಳು."

ಮಾಫಿ ಇಲ್ಲದಿದ್ದರೆ ಕೊನೆಯ ವರ್ಷ ಇಲ್ಲ. ಇಬ್ಬರಿಗೂ ಗೊತ್ತು. 

ಮಾರ್ಚ್ 13, ಗುರುವಾರ

ವರ್ಕ್‌ಶಾಪಿನ ಲೆಕ್ಕಪತ್ರ ನೋಡುವ ಮೇಡಂ ಗುರುವಾರ ಮಾತ್ರ ಬರುವುದು. ಬಾಗಿಲಲ್ಲೇ ಹಿಡಿದೆ.

ಯಾರದೋ ಹೆಸರಲ್ಲ. ನನ್ನದೇ.

ಇಲ್ಲಿ ಗುರುತಿರುವವರೆಲ್ಲ ಪೀಸ್ ಲೆಕ್ಕದವರು, ಕಾಲಿಗಿಷ್ಟು ಅಂತ ಕೂಲಿ. ತಿಂಗಳ ಕೊನೆಗೆ ಕೊಡೆ ಎಷ್ಟು, ಬಾಚಣಿಗೆ ಎಷ್ಟು ಅಂತ ಮೇಡಂ ಎಣಿಸುತ್ತಾರೆ. ಡಿಸೆಂಬರಿನಲ್ಲಿ ಇರುವೆಯೂ ಬಂತು. ಪಾಪ, ಅದನ್ನೂ ಸೇರಿಸಿದರು. ನನ್ನ ಸ್ಟೈಪೆಂಡ್ ಗುತ್ತಿಗೆ ಕೂಲಿ ಆಯ್ತು. ಅದರ ಮೇಲೆ ಟ್ಯಾಕ್ಸ್ ಹಿಡಿದು ಇಲಾಖೆಗೆ ಹೆಸರೂ ಕಳಿಸಿಯಾಯ್ತು.

"ನಾನು ಇಂಟರ್ನ್ ಅಲ್ವಾ ಮೇಡಂ?"

"ಇಂಟರ್ನ್‌ಗೆ ಗುರುತಿರಲ್ಲ ಕಣಮ್ಮ. ತಿಂಗಳು ತಿಂಗಳು ದುಡ್ಡು ಕಡಿಮೆ ಬರ್ತಿತ್ತಲ್ಲ, ಆವಾಗ್ಲೇ ಕೇಳೋದಲ್ವಾ?"

ಟೀ ದುಡ್ಡು ಹಿಡಿಯುತ್ತಾರೆ ಅಂದುಕೊಂಡಿದ್ದೆ. ಈ ವರ್ಕ್‌ಶಾಪಿನಲ್ಲಿ ನನ್ನಷ್ಟು ಟೀ ಕುಡಿಯುವವರು ಇನ್ನೊಬ್ಬರಿಲ್ಲ. ಕೇಳಲು ನಾಚಿಕೆಯಾಗಿತ್ತು. ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ತಿದ್ದಬಹುದಂತೆ. ಆದರೆ ನಾನು ಮಾಡಿದ್ದು ಕಲಿಕೆ, ಮೇಲೊಬ್ಬರು ನಿಂತು ಮಾಡಿಸಿದ್ದಾರೆ ಅಂತ ಮೇಷ್ಟ್ರು ಹೇಳಬೇಕು. ಬರೀ ಮಾತು ಸಾಲದು. "ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ತೋರಿಸ್ಲಿ? ಕಾಲಿನ ಮೇಲೆ ನಿಂದೊಬ್ಬಳದೇ ಗುರುತಿದೆ."

ಮಾರ್ಚ್ 14, ಶುಕ್ರವಾರ

ಕೇಳಲಿಲ್ಲ. ಮೇಷ್ಟ್ರ ಮುಂದೆ ಮೂರು ಸಲ ಹೋಗಿ ಮೂರು ಸಲವೂ ಉಜ್ಜುವ ಅರ ಬೇಕಿತ್ತು ಅಂದೆ. ನನ್ನ ಮೇಜಿನ ಮೇಲೆ ಈಗ ಮೂರು ಅರ.

ಏನಂತ ಕೇಳುವುದು? ನೀವು ಕೊಟ್ಟ ಮರ್ಯಾದೆ ವಾಪಸ್ ತಗೊಳ್ಳಿ, ಇವಳಿಗೆ ಏನೂ ಬರಲ್ಲ ಅನ್ನಿ... ಅಂತಲೇ? ಒಂದೊಂದು ಇರುವೆಗೂ ನನ್ನ ಎರಡೆರಡು ವಾರ ಹೋಗಿದೆ.

ಅಮ್ಮನ ಉತ್ತರ: "ಕೌಂಟರಲ್ಲಿ ಫೀಸ್ ಬದ್ಲು ಇರುವೆ ತಗೋತಾರಾ, ವಿಚಾರಿಸ್ಕೊಂಡು ಬಾ."

ಮಾರ್ಚ್ 20, ಗುರುವಾರ. ಸಂಜೆ 5.30

ಕೇಳಿದೆ. ಈ ಗುರುವಾರ ಕಳೆದರೆ 31ರೊಳಗೆ ಮೇಡಂ ಸಿಗುವುದು ಇನ್ನೊಂದೇ ಸಲ. ಹೆದರಿಕೆಯೇ ಬಾಯಿ ಬಿಡಿಸಿತು.

ಮೇಷ್ಟ್ರು ಎದ್ದರು. ಕಪಾಟಿನಿಂದ ನನ್ನ ಕಾಲೊಂದನ್ನು ತೆಗೆದರು, ನಾಳೆ ಕೊಡಬೇಕಾಗಿದ್ದು. ಕಾಲು ಕೂರುವ ಸಾಕೆಟ್ಟಿನೊಳಗೆ ಟಾರ್ಚ್ ಬಿಟ್ಟರು. "ನೋಡು."

ಒಳ ಅಂಚಿನಲ್ಲಿ ಸಣ್ಣ ಗೀರು. ಕೂದಲಿನಷ್ಟು.

"ಇದು ನಂದು. ಕಲಿಯೋರು ಮಾಡಿದ್ದನ್ನ ನಾನು ಪರೀಕ್ಷೆ ಮಾಡಿ ಹಾಕೋದು. ನಿನ್ನ ಎಲ್ಲಾ ಕಾಲಲ್ಲೂ ಇದೆ."

ಎಲ್ಲಾ ಕಾಲಲ್ಲೂ! ಕೊಡೆಯವರದು ತೆಗೆದು ನೋಡಿದೆ, ಗೀರಿಲ್ಲ. ಬಾಚಣಿಗೆಯವರದರಲ್ಲೂ ಇಲ್ಲ. ಪಾದದ ಅಡಿಯನ್ನೇ ನೋಡಿಕೊಂಡು ಮೆರೆದವಳು ಒಂದು ದಿನವೂ ಒಳಗೆ ಇಣುಕಿರಲಿಲ್ಲ. 

"ನನ್ನ ಮೇಲೆ ನಂಬಿಕೆ ಇರ್ಲಿಲ್ವಾ ಮೇಷ್ಟ್ರೇ?"

"ನಂಬಿಕೆ ಇತ್ತು, ಗುರುತು ಕೊಟ್ಟೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬೈಸ್ಕೊಳ್ಳೋಕೆ ನೀನಿನ್ನೂ ಚಿಕ್ಕವಳು, ಗೀರು ಹಾಕ್ದೆ. ಮೂರನೇ ಕಾಲಿನ ಅಂಚು ನಾನೇ ಮತ್ತೆ ಉಜ್ಜಿದ್ದು. ಹೇಳಿದ್ರೆ ವಾರ ಮುಖ ಊದಿಸ್ಕೊಂಡಿರ್ತಿದ್ದೆ."

ಊದಿಸಿಕೊಂಡೇ ಇದ್ದೆ, ಆಗಲೂ.

ಮೇಡಂ ಬಂದು ಟಾರ್ಚ್ ಹಾಕಿ ನೋಡಿ, ಫೋಟೋ ತೆಗೆದುಕೊಂಡರು. "ಇದನ್ನ ಮೊದಲೇ ಹೇಳೋದಲ್ವೇನ್ರೀ? ಹೊರಗಡೇದು ಎಣಿಸ್ಕೊಂಡು ಕೂತಿದ್ದೀನಿ ನಾನು." "ಒಳಗಡೇದು ನೀವು ಯಾವತ್ತು ಕೇಳಿದ್ರಿ?" ಅಂದರು ಮೇಷ್ಟ್ರು. ಇಬ್ಬರೂ ನನ್ನನ್ನು ಮರೆತು ಸ್ವಲ್ಪ ಹೊತ್ತು ಜಗಳವಾಡಿದರು.

ಮೇಡಂ ಇವತ್ತೇ ತಿದ್ದಿ ಇಲಾಖೆಗೆ ಕಳಿಸುತ್ತಾರಂತೆ. ಹಾಗಂತ ಸ್ಟೈಪೆಂಡ್ ಲೆಕ್ಕಕ್ಕಿಲ್ಲ ಅಂತಲ್ಲ. ತೋರಿಸಲೇಬೇಕು, ಆದರೆ ಕೂಲಿಯ ಸಾಲಿನಲ್ಲಲ್ಲ. ಇನ್ನೊಂದು ಮಾತು ಹೇಳಿದರು. ಓದು ಮುಗಿಯುವವರೆಗೆ ಇರುವೆ ಹಾಕುವಂತಿಲ್ಲ. ಮೇಷ್ಟ್ರೂ ಹೂಂ ಅಂದರು.

ಬಸ್ಸಿನಲ್ಲಿ ಅಳು ಬಂತು. ಸಿಟ್ಟಿಗೋ ಸಮಾಧಾನಕ್ಕೋ ತಿಳಿಯಲಿಲ್ಲ. ಡಿಸೆಂಬರಿನಿಂದ ನನ್ನ ಬೆನ್ನ ಹಿಂದೆ ಒಬ್ಬರು ನಿಂತಿದ್ದರು, ನನಗೆ ಗೊತ್ತಿರಲಿಲ್ಲ.

ಮಾರ್ಚ್ 28, ಶುಕ್ರವಾರ

ಕಾಲೇಜಿನಿಂದ ಸುದ್ದಿಯಿಲ್ಲ. ಅಂಚೆಯಕ್ಕನ ಸಾಕೆಟ್ ಉಜ್ಜಿದೆ. ಇನ್ನೂ ಉಜ್ಜಿದೆ. ಕೈ ಸುಮ್ಮನಿದ್ದರೆ ತಲೆ ಓಡುತ್ತದೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 11.20

ಕಾಲೇಜಿನ ಕೌಂಟರ್ ಪಕ್ಕದ ಬೆಂಚಿನಿಂದ. ಕ್ಲರ್ಕ್ ಸ್ಕ್ರೀನ್ ನೋಡಿದರು, ನನ್ನ ನೋಡಿದರು, ಮತ್ತೆ ಸ್ಕ್ರೀನ್. "ಹೋದ ವಾರ ಸ್ವಂತ ಉದ್ಯೋಗಿ ಅಂತಿತ್ತು, ಈಗ ವಿದ್ಯಾರ್ಥಿ ಅಂತಿದೆ. ಬಿಸಿನೆಸ್ ಲಾಸಾ?"

ಮಾಫಿ ಉಳೀತು. ಕೊನೆಯ ವರ್ಷ ಇದೆ. ಇದೆ.

ಅಮ್ಮನಿಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಮಿಷಿನ್ ನಿಂತಿತು. ಮೂಗೊರೆಸಿಕೊಂಡ ಸದ್ದು. "ಸರಿ ಇಡು, ಗಿರಾಕಿ ಕಾಯ್ತಿದಾರೆ" ಅಂದಳು. ಗಿರಾಕಿ ಯಾರೂ ಇರಲಿಲ್ಲ ಅಂತ ನನಗೆ ಗೊತ್ತು.

ಏಪ್ರಿಲ್ 10, ಗುರುವಾರ

ಜೀವನದ ಮೊದಲ ಟ್ಯಾಕ್ಸ್ ರಿಟರ್ನ್ ನಾನೇ ತುಂಬಿದೆ. ಮೇಡಂ ಪಕ್ಕದಲ್ಲಿ ಕೂತಿದ್ದರು, ಮುಟ್ಟಲಿಲ್ಲ. ಸ್ಟೈಪೆಂಡ್ ಪೂರ್ತಿ ತೋರಿಸಿದೆ. ಮಿತಿಗಿಂತ ಕಡಿಮೆ ಇದೆ, ಹಿಡಿದದ್ದು ವಾಪಸ್ ಬರುತ್ತದಂತೆ. ಉದ್ಯೋಗ ಅನ್ನುವ ಕಡೆ "ವಿದ್ಯಾರ್ಥಿ" ಒತ್ತಿದಾಗ ಚಿಕ್ಕವಳಾದ ಹಾಗೆ ಅನ್ನಿಸಲಿಲ್ಲ. ಹೋದ ತಿಂಗಳಾಗಿದ್ದರೆ ಅನ್ನಿಸುತ್ತಿತ್ತು.

"ದುಡ್ಡು ಬಂದ್ರೆ ಏನ್ ಮಾಡ್ತೀಯ?" ಕೇಳಿದರು.

"ಎಲ್ರಿಗೂ ಟೀ."

ಏಪ್ರಿಲ್ 14, ಸೋಮವಾರ. ಬೆಳಿಗ್ಗೆ 9.50

ಅಂಚೆಯಕ್ಕ ಬಂದಿದ್ದಾರೆ. ಅವರ ಕಾಲು ಶನಿವಾರ ಮುಗಿದಿತ್ತು. ಅಭ್ಯಾಸ ನೋಡು, ಕೈ ತಾನಾಗಿ ಉಳಿ ಹಿಡಿದಿತ್ತು. ಕೆಳಗಿಟ್ಟೆ. ಅಡಿ ನುಣ್ಣಗೆ ಖಾಲಿ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಟಾರ್ಚ್ ಹಾಕಿ ಒಳಗೆ ನೋಡಿದೆ. ಗೀರಿತ್ತು.

ಪರದೆಯ ಆ ಕಡೆ ಮೇಷ್ಟ್ರು ತೊಡಿಸುತ್ತಿದ್ದಾರೆ. ನಾನು ಒಳಗೆ ಹೋಗುವ ಹಾಗಿಲ್ಲ. "ಇರುವೇ, ಹೊರಗೇ ಕೂತು ಕೇಳು" ಅಂದರು. ಗುರುತು ಹೋದರೂ ಹೆಸರು ಹೋಗಿಲ್ಲ.

ಎದ್ದರು. ಆಸರೆಗೆ ಹಿಡಿದಿದ್ದ ಕಂಬಿ ಬಿಟ್ಟರು ಅನ್ನಿಸುತ್ತದೆ... ನಡೆಯುತ್ತಿದ್ದಾರೆ. ಟಕ್. ಟಕ್. ತಿರುಗಿದರು. ಟಕ್. ಟಕ್. ಬರೆಯುತ್ತಾ ಕಣ್ಣು ಮುಚ್ಚಲು ಆಗುವುದಿಲ್ಲ, ಆದರೂ... ಧಪ್ ಇಲ್ಲ. ಯಾವುದು ಯಾವ ಕಾಲು ಅಂತ —